ಉದಕಮಂಡಲದಲ್ಲಿ ನೀರಿನ ಬೆಲೆ

ಗುಂಡ್ಲುಪೇಟೆ, ಬಂಡೀಪುರಗಳ ದಾರಿಯಾಗಿ ನಮ್ಮ ನೀಲಗಿರಿಗೆ ಬರುವ ಬಂಧುಗಳಿಗೆ ಗಡಿಯ ತಪಾಸಣೆ ಹೊಸದೇನಲ್ಲ. ಗಾಡಿಯಲ್ಲಿರುವ ನೀರಿನ ಬಾಟಲಿಗಳನ್ನು ಅಲ್ಲಿ ಕೆಳಗಿಳಿಸಬೇಕಾಗುತ್ತದೆ. “ಏನು ಮೇಷ್ಟ್ರೇ, ನಿಮ್ಮ ಸೀಮೆಯಲ್ಲಿ ನೀರು ಕುಡಿಯುವುದೂ ಅಪರಾಧವೇ?” ಎಂದು ನಮ್ಮ ಬೀಗರು ಕಳೆದ ಬೇಸಿಗೆಯಲ್ಲಿ ಕೇಳಿಯೇಬಿಟ್ಟರು. ಅವರಿಗೆ ಅಂದು ಕೊಟ್ಟ ಉತ್ತರವನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇವೆ.

ಊಟಿಯನ್ನು ಕನ್ನಡಿಗರು ಉದಕಮಂಡಲವೆಂದು ಕರೆಯುತ್ತಾರೆ. ಹೆಸರಿನ ಮೂಲ ತೋಡರ ಒಂಟಿಕಲ್ಲಿನ ಮಂದು ಎಂದು ಬಲ್ಲವರು ಹೇಳುವರಾದರೂ, ನಮ್ಮ ಕಿವಿಗೆ ಅದು ನೀರಿನ ಹೆಸರೇ. ಶೋಲಾ ಕಾಡೂ ಹುಲ್ಲುಗಾವಲೂ ಮಳೆಯನ್ನು ಹೀರಿ ಹಿಡಿದು ಮೆಲ್ಲಮೆಲ್ಲನೆ ಬಿಡುವುದರಿಂದಲೇ ಮೋಯಾರು ಹರಿದು ಭವಾನಿಯನ್ನು ಸೇರುತ್ತದೆ. ಇಂಥ ಬೆಟ್ಟಕ್ಕೆ ಬಯಲುಸೀಮೆಯಿಂದ ಲಾರಿಯಲ್ಲಿ ನೀರು ಹೇರಿ ತರುವ ಕಾಲವೂ ಬಂದಿತು!

ಪ್ಲಾಸ್ಟಿಕ್ಕಿನ ವಿರುದ್ಧ ಇಲ್ಲಿ ದನಿ ಎದ್ದುದು ಇಂದು ನಿನ್ನೆಯಲ್ಲ. 2000ದ ಆಸುಪಾಸಿನಲ್ಲಿ, ಜಿಲ್ಲಾಧಿಕಾರಿ ಸುಪ್ರಿಯಾ ಸಾಹು ಅವರ ಕಾಲದಲ್ಲಿಯೇ ಅದಕ್ಕೆ ಚಾಲನೆ ದೊರೆಯಿತು. 2019ರ ಆಗಸ್ಟಿನಲ್ಲಿ ಐದು ಲೀಟರಿಗಿಂತ ಚಿಕ್ಕ ನೀರಿನ ಬಾಟಲಿಗಳಿಗೂ ನಿಷೇಧ ಬಂದಿತು. ನಾಣ್ಯ ಹಾಕಿ ನೀರು ಹಿಡಿದುಕೊಳ್ಳುವ ಯಂತ್ರಗಳನ್ನು ಅಲ್ಲಲ್ಲಿ ನಿಲ್ಲಿಸಿದರು.

ತಾನು ಕೊಟ್ಟ ಹಣವೇ ಬಾಟಲಿಯ ಬೆಲೆ ಎಂದು ಕೊಂಡವನು ತಿಳಿದಿರುತ್ತಾನೆ. ಉಳಿದ ಬೆಲೆಯನ್ನು ತೆರುವವರು ಬೇರೆಯವರು. ಮಸಿನಗುಡಿಯ ಕಡೆ ರಸ್ತೆಯಂಚಿನಲ್ಲಿ ಎಸೆದುದನ್ನು ಬೆಳಗಿನ ಚಳಿಯಲ್ಲಿ ಬಾಗಿ ಬಾಗಿ ಆಯುವ ಹೆಂಗಸರನ್ನು ನಾವು ದಿನವೂ ನೋಡುತ್ತೇವೆ. ಆನೆಯ ಲದ್ದಿಯಲ್ಲಿ ಪ್ಲಾಸ್ಟಿಕ್ ಚೂರುಗಳನ್ನು ಕಂಡು ನಮ್ಮ ಮಕ್ಕಳು ಬಂದು ಹೇಳಿದ್ದಾರೆ. ಚಳಿ ಕಾಯಿಸಲು ಬಾಟಲಿಗಳನ್ನು ಒಟ್ಟಿ ಬೆಂಕಿ ಹಚ್ಚುವುದೂ ಉಂಟು. ಆ ಹೊಗೆ ಹೋಗುವುದು ಪಕ್ಕದಲ್ಲಿ ಕುಳಿತ ಕೂಸಿನ ಎದೆಗೆ. ಮಸಿನಗುಡಿ ಮಳೆ ಕಡಮೆಯ ಸೀಮೆ. ಏಪ್ರಿಲ್ ಮೇ ತಿಂಗಳಲ್ಲಿ, ಪ್ರವಾಸಿಗರು ಹೆಚ್ಚಾದಂತೆಲ್ಲ ಬಾಟಲಿ ಹೆಚ್ಚುತ್ತಿದ್ದ ದಿನಗಳಲ್ಲಿಯೇ, ಕೊಡ ಹಿಡಿದ ತಾಯಂದಿರು ನಲ್ಲಿಯ ಮುಂದೆ ಕಾಯುತ್ತಿದ್ದರು.

ನಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. ನಿಷೇಧಕ್ಕೆ ಮುಂಚೆ ಒಂದು ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಅತಿಥಿಗಳ ಮುಂದೆ ಬಾಟಲಿಗಳನ್ನು ಸಾಲಾಗಿ ಇಡಿಸಿದವರು ನಾವೇ. ಮಕ್ಕಳಿಗೆ ಗುಡಾಣದ ನೀರು. ಸಭೆ ಮುಗಿದಾಗ ಬಹುಪಾಲು ಬಾಟಲಿಗಳು ಅರ್ಧ ಕುಡಿದು ಬಿಟ್ಟವು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ನಮ್ಮ ನೀರು ಕೆಟ್ಟದ್ದಾ?” ಎಂದಳು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು, ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟಿಗೆ ಇಟ್ಟ ಜನ ನಾವು. ಆ ಮಗುವಿಗೆ ಅಂದು ಏನು ಹೇಳಿದೆವೋ ನೆನಪಿಲ್ಲ. ತೃಪ್ತಿಕರವಾದ ಉತ್ತರವಂತೂ ಅಲ್ಲ.

ಬಾಟಲಿಯ ನೀರು ನಿರ್ಮಲವೆಂಬ ನಂಬಿಕೆಗೂ ಈಗ ಪೆಟ್ಟು ಬಿದ್ದಿದೆ. 2024ರ ಜನವರಿಯಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಶೋಧನೆಯಂತೆ, ಅವರು ಪರೀಕ್ಷಿಸಿದ ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ ಸುಮಾರು 2,40,000 ಪ್ಲಾಸ್ಟಿಕ್ ಕಣಗಳಿದ್ದವು. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಅತಿ ಸೂಕ್ಷ್ಮವಾದವು. ದೇಹದಲ್ಲಿ ಇವು ಮಾಡುವ ಹಾನಿಯ ಅಳತೆ ಇನ್ನೂ ನಿರ್ಧಾರವಾಗಿಲ್ಲ. ಆದ್ದರಿಂದ ನಾವು ಯಾರನ್ನೂ ಹೆದರಿಸಲು ಹೊರಟಿಲ್ಲ.

ಆದರೆ ನ್ಯಾಯ ಎರಡು ಕಡೆಗೂ ಇರಬೇಕಲ್ಲವೇ? ನಾಣ್ಯದ ಯಂತ್ರ ಕೆಟ್ಟು ತಿಂಗಳುಗಟ್ಟಲೆ ನಿಂತುದನ್ನು ನಾವು ಕಂಡಿದ್ದೇವೆ. ಬಸ್ಸಿಳಿದ ಬಸುರಿ ಹೆಂಗಸು ನೀರಿಗಾಗಿ ಹೋಟೆಲಿನ ಬಾಗಿಲಲ್ಲಿ ಅಂಗಲಾಚಿದುದನ್ನೂ ಕಂಡಿದ್ದೇವೆ. ಬಾಟಲಿ ಕಸಿದುಕೊಂಡ ಕೈ ಲೋಟ ತುಂಬಿಸಿ ಕೊಡಲೂ ಬೇಕು. ನಂಬಬಹುದಾದ ನಲ್ಲಿಯಿಲ್ಲದೆ ನಿಷೇಧ ಮಾಡಿದರೆ, ಕಾಸಿದ್ದವನು ಐದು ಲೀಟರಿನ ಕ್ಯಾನು ಕೊಳ್ಳುತ್ತಾನೆ, ಕಾಸಿಲ್ಲದವನು ಬಾಯಾರಿ ನಿಲ್ಲುತ್ತಾನೆ.

ನಮ್ಮ ಶಾಲೆಯಲ್ಲಿ ಈಗ ಕುದಿಸಿ ಆರಿಸಿದ ನೀರನ್ನು ಎರಡು ಗುಡಾಣಗಳಲ್ಲಿ ತುಂಬಿಡುತ್ತೇವೆ. ಗೇಟಿನ ಬಳಿ ಮೂರನೆಯದೊಂದು ದಾರಿಹೋಕರಿಗೆ. ಅದಕ್ಕೆ ನೀರು ತುಂಬುವ ಸರದಿ ಐದನೆಯ ತರಗತಿಯವರದು. ಬೀಗರು ಈ ಸಲ ಬಂದಾಗ ಸ್ಟೀಲ್ ತಂಬಿಗೆ ತಂದಿದ್ದರು. ಪೇಟೆಯ ಯಂತ್ರ ಎಂದಿನಂತೆ ಕೆಟ್ಟಿತ್ತು. ನಮ್ಮ ಗೇಟಿನ ಗುಡಾಣದಿಂದಲೇ ತುಂಬಿಸಿಕೊಂಡು, “ಮೇಷ್ಟ್ರೇ, ತಣ್ಣಗಿದೆ” ಎಂದು ಇನ್ನೊಂದು ಲೋಟ ಕುಡಿದು ಬಸ್ಸು ಹತ್ತಿದರು.