ಗಣಕಯಂತ್ರದ ತಂತ್ರಾಂಶ ನವೀಕರಣ: ಪ್ಯಾಕೇಜುಗಳ ಘರ್ಷಣೆ

ಉಚಿತ ಪ್ರಸಾದ ನಿಲಯದ ದಾಖಲೆ ಪುಸ್ತಕದಲ್ಲಿ ಒಂದೇ ಮಂಚವನ್ನು ಇಬ್ಬರು ವಿದ್ಯಾರ್ಥಿಗಳ ಹೆಸರಿಗೆ ಬರೆದರೆ ರಾತ್ರಿ ಏನಾಗುವುದೆಂಬುದನ್ನು ಹಳೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಗಣಕಯಂತ್ರದಲ್ಲಿಯೂ ಅಂಥದೇ ದಾಖಲೆಯೊಂದುಂಟು. 1993ರಲ್ಲಿ ಇಯಾನ್ ಮರ್ಡಾಕ್ ಅವರು ಆರಂಭಿಸಿದ ಡೆಬಿಯನ್ ಎಂಬ ಮುಕ್ತ ತಂತ್ರಾಂಶ ವ್ಯವಸ್ಥೆಯಲ್ಲಿ ಅದನ್ನು ಕಾಯುವುದು 'ಡಿಪಿಕೆಜಿ'. ಯಾವ ಕಡತವು ಯಾವ ಪ್ಯಾಕೇಜಿಗೆ ಸೇರಿದ್ದೆಂಬ ಲೆಕ್ಕ ಅದರ ಬಳಿಯಿರುತ್ತದೆ. ಬೇರೊಂದು ಪ್ಯಾಕೇಜು ಅದೇ ಕಡತವನ್ನು ತನ್ನದೆಂದು ತಂದರೆ ಅದು ಕೆಲಸವನ್ನು ನಿಲ್ಲಿಸಿ, ಎರಡರ ಹೆಸರನ್ನೂ ತಿಳಿಸುತ್ತದೆ.

ಕೆಲವೊಮ್ಮೆ ಘರ್ಷಣೆಯು ಉದ್ದೇಶಪೂರ್ವಕವಾದುದು. 32 ಬಿಟ್ಟಿನ ಕಾಲಗಣನೆಯು 2038ರ ಜನವರಿ 19ರಂದು, ಭಾರತೀಯ ಕಾಲಮಾನದಂತೆ ಬೆಳಗಿನ 8 ಗಂಟೆ 44 ನಿಮಿಷಕ್ಕೆ ಮುಗಿದುಹೋಗುತ್ತದೆ. ಮರುಕ್ಷಣ ಯಂತ್ರವು 1901ನೆಯ ಇಸವಿಯನ್ನು ತೋರಿಸಬಹುದು. ಇದನ್ನು ತಡೆಯಲು 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅನೇಕ ಗ್ರಂಥಾಲಯ ಪ್ಯಾಕೇಜುಗಳ ಹೆಸರಿನ ಕೊನೆಗೆ 'ಟಿ64' ಎಂದು ಸೇರಿಸಲಾಯಿತು. ಹಳೆಯ ಹೆಸರಿನ ಪ್ಯಾಕೇಜು ತೆರಳದೆ ಹೊಸದು ಆ ಸ್ಥಾನಕ್ಕೆ ಬರಲಾರದು. ಆದರೆ 'ಆಪ್ಟ್ ಅಪ್‌ಗ್ರೇಡ್' ಎಂಬ ಆಜ್ಞೆಯು ಇರುವ ಯಾವ ಪ್ಯಾಕೇಜನ್ನೂ ತೆಗೆಯುವುದಿಲ್ಲ. ಆದುದರಿಂದ ಅದು ಇಂಥವನ್ನು ತಡೆಹಿಡಿದು ಬಿಡುತ್ತದೆ. 'ಆಪ್ಟ್ ಫುಲ್-ಅಪ್‌ಗ್ರೇಡ್' ಎಂಬುದಕ್ಕೆ ತೆಗೆಯುವ ಅಧಿಕಾರವುಂಟು. ಅಪಾಯವೂ ಅಲ್ಲಿಯೇ ಇದೆ.

ತೆಗೆಯಲಾಗುವ ಪ್ಯಾಕೇಜುಗಳ ಪಟ್ಟಿಯನ್ನು ಅದು ಮೊದಲೇ ತೋರಿಸಿ ಒಪ್ಪಿಗೆ ಕೇಳುತ್ತದೆ. ಓದದೆ 'ವೈ' ಒತ್ತುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಹಳೆಯ ಹೆಸರಿನ ಪಕ್ಕದಲ್ಲಿ 'ಟಿ64' ಹೆಸರು ಬರುತ್ತಿದ್ದರೆ ಚಿಂತೆಯಿಲ್ಲ. ಕಚೇರಿಯ ಅಂಕಪಟ್ಟಿಗಳನ್ನು ಕಾಯುವ ದತ್ತಸಂಚಯದ ತಂತ್ರಾಂಶವೇ ಆ ಪಟ್ಟಿಯಲ್ಲಿದ್ದರೆ ಅಲ್ಲಿಯೇ ನಿಲ್ಲಿಸತಕ್ಕದ್ದು. ಅನೇಕ ವೇಳೆ ಇದಕ್ಕೆ ಕಾರಣ, ಹಿಂದೆಂದೋ ಸೇರಿಸಿ ಮರೆತುಹೋದ ಹೊರಗಿನ ಭಂಡಾರ. ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ, ಅಂಕಿಅಂಶಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿ, ಮತ್ತೆ ಪ್ರಯತ್ನಿಸುವುದು ಕ್ಷೇಮ.

ಬಲಾತ್ಕಾರವಾಗಿ ಕಡತದ ಮೇಲೆ ಕಡತವನ್ನು ಬರೆಯಿಸುವ ಉಪಾಯವೂ ಇದೆ. ಮುಂದೊಮ್ಮೆ ಎರಡನೆಯ ಪ್ಯಾಕೇಜನ್ನು ತೆಗೆದಾಗ ಆ ಕಡತವೂ ಹೋಗಿ, ಮೊದಲನೆಯದು ಕುಂಟುತ್ತದೆ. ನವೀಕರಣದ ನಡುವೆ ವಿದ್ಯುತ್ ಹೋದರೆ ಹೀಗೇನೂ ಮಾಡಬೇಕಾಗಿಲ್ಲ: 'ಡಿಪಿಕೆಜಿ --ಕಾನ್ಫಿಗರ್ -ಎ' ಎಂಬುದು ಅರ್ಧಕ್ಕೆ ನಿಂತ ಜೋಡಣೆಯನ್ನು ಪೂರೈಸುತ್ತದೆ; ಬಳಿಕ 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಎಂಬುದು ಕೊರತೆಬಿದ್ದ ಪ್ಯಾಕೇಜುಗಳನ್ನು ತರಿಸಿಕೊಳ್ಳುತ್ತದೆ.