ವ್ಯಾನಿನಿಂದ ಮನೆಗೆ ಬಂದ ಸ್ಪೀಕರ್

ಹೊರಾಂಗಣ ಪ್ರಸಾರಕ್ಕೆ ಹೊರಡುವ ವ್ಯಾನಿನಲ್ಲಿ ಜಾಗ ಕಡಿಮೆ. ಸ್ಟುಡಿಯೋದ ಭಾರಿ ಸ್ಪೀಕರುಗಳು ಅಲ್ಲಿ ಹಿಡಿಸುವುದಿಲ್ಲ. ಆದರೆ ಪ್ರಸಾರವಾಗುವ ದನಿ ಸಹಜವಾಗಿದೆಯೇ ಎಂಬುದನ್ನು ಎಂಜಿನಿಯರು ಅಲ್ಲೇ ಕೂತು ನಿರ್ಧರಿಸಬೇಕು. ಬ್ರಿಟನ್ನಿನ ಬಿಬಿಸಿ 1970ರ ದಶಕದಲ್ಲಿ ಇದಕ್ಕೆಂದೇ ರೂಪಿಸಿದ ಪುಟ್ಟ ಪೆಟ್ಟಿಗೆ ಎಲ್‌ಎಸ್3/5ಎ. ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದ ಕಂಪೆನಿಗಳು ಪರವಾನಗಿ ಪಡೆದು ಅದನ್ನು ತಯಾರಿಸಿದವು. ವ್ಯಾನಿಗೆಂದು ಹುಟ್ಟಿದ್ದು ಸಂಗೀತಪ್ರಿಯರ ನಡುಮನೆ ಸೇರಿತು.

ಹಳೆಯ ಜೋಡಿಗಳನ್ನು ಹುಡುಕಿ ದುಬಾರಿ ಬೆಲೆ ತೆರುವವರು ಇಂದಿಗೂ ಇದ್ದಾರೆ. ಮನುಷ್ಯನ ಕಂಠವನ್ನು ನುಡಿಸುವುದರಲ್ಲಿ ಇದರದು ಎತ್ತಿದ ಕೈ. ಆಳದ ಮಂದ್ರ ಮಾತ್ರ ಇಷ್ಟು ಚಿಕ್ಕ ಪೆಟ್ಟಿಗೆಗೆ ದಕ್ಕದು. ಆ ಕೊರತೆ ಕಾಣದಂತೆ, ಮಂದ್ರದ ಮೇಲಿನ ಭಾಗವನ್ನು ಒಂದಿಷ್ಟು ಉಬ್ಬಿಸಲಾಗಿದೆ. ಮೋಸವೇ, ಆದರೆ ಹಿತವಾದ ಮೋಸ! ಮದುವೆ ಮನೆಯ ಅಬ್ಬರಕ್ಕಂತೂ ಇದು ಸಲ್ಲದು.

ಕೊಳ್ಳುವವರು ಮೊದಲು ಮುಂದಿನ ಬಟ್ಟೆಯ ಚೌಕಟ್ಟು ತೆಗೆಸಿ ನೋಡಬೇಕು. ಆ ಕಾಲದ ಎಷ್ಟೋ ಸ್ಪೀಕರುಗಳಲ್ಲಿ ಕೋನಿನ ಅಂಚಿಗಿದ್ದುದು ಫೋಮ್. ವರ್ಷಗಳು ಕಳೆದಂತೆ ಅದು ಪುಡಿಪುಡಿಯಾಗುತ್ತದೆ. ಎಲ್‌ಎಸ್3/5ಎ ವೂಫರಿನದು ರಬ್ಬರಿನ ಅಂಚು, ಬಾಳಿಕೆ ಹೆಚ್ಚು. ಆದರೂ ಒಳಗಿನ ಕೆಪಾಸಿಟರುಗಳಿಗೆ ವಯಸ್ಸಾಗಿರುತ್ತದೆ. 1987ರ ನಂತರದವು 11 ಓಮ್, ಹಿಂದಿನವು 15 ಓಮ್. ಒಂದು ಅದು, ಒಂದು ಇದು ಎಂದು ಜೋಡಿ ಕಟ್ಟಿದರೆ ಕೆಟ್ಟಿತು.

ಇನ್ನು ಅಂಕಿಗಳನ್ನು ದನಿಯಾಗಿಸುವ ಡಿಎಸಿ. 1982ರಲ್ಲಿ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು. ಪ್ರತಿಯೊಂದಕ್ಕೂ 65,536 ಮಟ್ಟಗಳು. ಫಿಲಿಪ್ಸ್ ಬಳಿ ಆಗ ಇದ್ದುದು 14 ಬಿಟ್ಟಿನ ಚಿಪ್. ಸಿ.ಡಿ.ಗೆ ಬೇಕಾದುದು 16. ಅಳತೆಗಳ ಸಂಖ್ಯೆಯನ್ನು ನಾಲ್ಕು ಪಟ್ಟು ಮಾಡಿ ಅದು ಆ ಅಂತರ ತುಂಬಿಕೊಂಡಿತು. ಇಂದು ಚೆನ್ನಾಗಿ ತಯಾರಿಸಿದ ಅಗ್ಗದ ಡಿಎಸಿಯ ದೋಷವೂ ಕಿವಿಗೆ ನಿಲುಕದಷ್ಟು ಕಡಿಮೆ. ಸ್ಪೀಕರಿನ ದೋಷ ಅದಕ್ಕಿಂತ ನೂರಾರು ಪಟ್ಟು. ಹೀಗಿರುವಾಗ ದೊಡ್ಡ ಮೊತ್ತವನ್ನು ಡಿಎಸಿಗೆ ಸುರಿದು ಸ್ಪೀಕರಿನ ರಿಪೇರಿಗೆ ಕೈಬಿಗಿ ಹಿಡಿಯುವುದು ತಲೆಕೆಳಗಾದ ಲೆಕ್ಕ.

ಎರಡು ಡಿಎಸಿ ಹೋಲಿಸುವಾಗ ಒಂದರ ದನಿ ತುಸು ಜೋರಾಗಿದ್ದರೂ ಸಾಕು, ಅದೇ ಮೇಲೆಂದು ಕಿವಿ ತೀರ್ಪು ಕೊಡುತ್ತದೆ. ಆದ್ದರಿಂದ ವೋಲ್ಟ್ ಮೀಟರಿನಿಂದ ಎರಡನ್ನೂ ಸಮ ಮಾಡಿ, ಯಾವುದು ಯಾವುದೆಂದು ತಿಳಿಯದಂತೆ ಬೇರೆಯವರಿಂದ ಬದಲಿಸಿ ಕೇಳಬೇಕು. ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಂಡು ಹಿಂತಿರುಗಬಹುದು.