ಇಳಿಯದ ಐಡ್ಲಿಂಗ್: ಗಾಳಿಯ ಜಾಡು ಹಿಡಿಯುವ ಗ್ಯಾರೇಜ್ ವಿದ್ಯೆ

ಚೆನ್ನಾಗಿ ಬಿಸಿಯಾದ ಪೆಟ್ರೋಲ್ ಎಂಜಿನ್ ಆಕ್ಸಿಲರೇಟರ್ ಮೇಲೆ ಕಾಲಿಲ್ಲದಾಗ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗಬೇಕು. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಅದು 1,200ರಿಂದ 1,500ರವರೆಗೆ ಏರುವುದು ಸಹಜ. ಎಂಜಿನ್ ಕಾದಂತೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಎ.ಸಿ. ಹಾಕಿದಾಗ ಕಂಪ್ರೆಸರಿನ ಹೊರೆ ಹೊರಲು ನೂರಿನ್ನೂರು ಸುತ್ತು ಹೆಚ್ಚಾದರೂ ತಪ್ಪಿಲ್ಲ. ಅರ್ಧ ಗಂಟೆ ಓಡಿದ ಕಾರು ಸಿಗ್ನಲ್‌ನಲ್ಲಿ ನಿಂತಾಗಲೂ ಮುಳ್ಳು 1,300ರಿಂದ ಕೆಳಗೆ ಬಾರದಿದ್ದರೆ ಮಾತ್ರ ಅದು ರೋಗ. ಪೆಟ್ರೋಲ್ ಸುಮ್ಮನೆ ಉರಿಯುತ್ತದೆ, ಘಾಟಿ ಇಳಿಯುವಾಗ ಗೇರಿನ ಹಿಡಿತ ಸಡಿಲವಾಗುತ್ತದೆ, ಆಟೊಮ್ಯಾಟಿಕ್ ಕಾರು ಬ್ರೇಕ್ ಒತ್ತಿದರೂ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ.

ಡೀಸೆಲ್ ಎಂಜಿನ್ನಿನ ವೇಗವನ್ನು ಇಂಧನ ನಿರ್ಧರಿಸಿದರೆ, ಪೆಟ್ರೋಲ್ ಎಂಜಿನ್ನಿನ ವೇಗವನ್ನು ನಿರ್ಧರಿಸುವುದು ಗಾಳಿ. ಥ್ರಾಟಲ್ ಬಾಡಿಯೊಳಗಿನ ತಟ್ಟೆ ತೆರೆದಷ್ಟು ಗಾಳಿ ಒಳಕ್ಕೆ ಹೋಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸಿಂಪಡಿಸುತ್ತದೆ. ಕಾಲು ತೆಗೆದಾಗ ತಟ್ಟೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಎಂಜಿನ್ ನಿಂತುಹೋಗದಂತೆ ಅಷ್ಟಿಷ್ಟು ಗಾಳಿಯನ್ನು ಪಕ್ಕದ ದಾರಿಯಿಂದ ಬಿಡುವ ಕೆಲಸ ಐಎಸಿ ವಾಲ್ವ್‌ನದು. ಆಕ್ಸಿಲರೇಟರ್ ಕೇಬಲ್ ಇಲ್ಲದ ಹೊಸ ಕಾರುಗಳಲ್ಲಿ ಈ ವಾಲ್ವ್ ಇಲ್ಲ. ಮೋಟರ್ ತಟ್ಟೆಯನ್ನೇ ಕೂದಲೆಳೆಯಷ್ಟು ಸರಿಸುತ್ತದೆ. ಹೀಗಾಗಿ ಐಡ್ಲಿಂಗ್ ಜಾಸ್ತಿಯಾಗಿದೆ ಎಂದರೆ ಎಲ್ಲಿಂದಲೋ ಹೆಚ್ಚು ಗಾಳಿ ಒಳಹೋಗುತ್ತಿದೆ ಎಂದೇ ಅರ್ಥ. ಆ ಗಾಳಿಯನ್ನು ಇಸಿಯು ಕೇಳಿ ತರಿಸಿಕೊಂಡಿತೋ, ಅದು ಕೇಳದೆಯೇ ನುಗ್ಗಿತೋ? ಪತ್ತೆಯ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಇದನ್ನು ಕೇಳಿಕೊಳ್ಳದೆ ಸೆನ್ಸರ್ ಮೇಲೆ ಸೆನ್ಸರ್ ಬದಲಿಸುವುದು ಗ್ರಾಹಕನ ದುಡ್ಡಿಗೆ ಮಾಡುವ ಅನ್ಯಾಯ.

ಇನ್ನೊಂದು ಅನ್ಯಾಯ ಸ್ಕ್ರೂಡ್ರೈವರ್‌ನಿಂದ ನಡೆಯುತ್ತದೆ. 1983ರಲ್ಲಿ ಬಂದ ಮಾರುತಿ 800ರಂಥ ಕಾರ್ಬ್ಯುರೇಟರ್ ಕಾರುಗಳಲ್ಲಿ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸರಿಪಡಿಸುವುದು ನ್ಯಾಯವಾದ ರೀತಿಯೇ ಆಗಿತ್ತು. 2000ರ ಆಸುಪಾಸಿನಲ್ಲಿ ಮಾಲಿನ್ಯದ ನಿಯಮಗಳು ಬಿಗಿಯಾಗಿ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್ಐ ಎಂಜಿನ್ನುಗಳು ಬಂದವು. ಕೈಚಳಕ ಮಾತ್ರ ಹಳೆಯದೇ ಉಳಿಯಿತು. ಈಗಿನ ಥ್ರಾಟಲ್ ಬಾಡಿಯ ಮೇಲಿರುವ ಸ್ಕ್ರೂ ತಟ್ಟೆಗೆ ತಡೆ ಅಷ್ಟೇ, ಅದನ್ನು ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಅದನ್ನು ತಿರುಗಿಸಿದರೆ ತಟ್ಟೆ ಮುಚ್ಚಿದೆ ಎಂದು ಇಸಿಯುಗೆ ಹೇಳುವ ಸೆನ್ಸರಿನ ಲೆಕ್ಕ ತಪ್ಪುತ್ತದೆ. ಕಾಲು ಇನ್ನೂ ಆಕ್ಸಿಲರೇಟರ್ ಮೇಲಿದೆ ಎಂದು ಬಗೆದು ಇಸಿಯು ಐಡ್ಲಿಂಗನ್ನು ಹಿಡಿತಕ್ಕೆ ತೆಗೆದುಕೊಳ್ಳುವುದನ್ನೇ ಬಿಡಬಹುದು.

ಪರೀಕ್ಷೆ ಶುರುವಾಗಬೇಕಾದದ್ದು ಕಣ್ಣಿನಿಂದ. ಆಕ್ಸಿಲರೇಟರ್ ಪೆಡಲಿಗೆ ಕಾಲುಹಾಸು ಸಿಕ್ಕಿಕೊಂಡಿದೆಯೇ? ಕೇಬಲ್ ಇರುವ ಕಾರಾದರೆ ಅದಕ್ಕೆ ತುಸು ಸಡಿಲ ಇದೆಯೇ? ತಟ್ಟೆಯ ಅಂಚಿನಲ್ಲಿ ಮಸಿ ಕಟ್ಟಿದ್ದರೆ ಅದು ಪೂರ್ತಿ ಮುಚ್ಚದೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಾನೆಟ್ಟಿನೊಳಗೆ ಇಲಿ ಕಡಿದ ಹೋಸ್‌ಗಳು, ಬಿಸಿಲಿಗೂ ಎಂಜಿನ್ ಶಾಖಕ್ಕೂ ಸೀಳಿದ ರಬ್ಬರ್ ನಮ್ಮಲ್ಲಿ ತೀರಾ ಸಾಮಾನ್ಯ.

ಆಮೇಲೆ ಸ್ಕ್ಯಾನರ್. ಐಡ್ಲಿಂಗ್ ನಿಗದಿಗಿಂತ ಹೆಚ್ಚಿದ್ದರೆ ಪಿ0507 ಎಂಬ ಕೋಡ್ ಬರುತ್ತದೆ; ಆದರೆ ಅದು ದೂರನ್ನೇ ಮತ್ತೆ ಹೇಳುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. ನೋಡಬೇಕಾದದ್ದು ಲೈವ್ ಡೇಟಾವನ್ನು. ಐಎಸಿ ವಾಲ್ವನ್ನು ಇಸಿಯು ಮುಚ್ಚುವಷ್ಟು ಮುಚ್ಚಿದ್ದರೂ ಎಂಜಿನ್ ರೇಸ್ ಆಗುತ್ತಲೇ ಇದ್ದರೆ ಗಾಳಿ ಕೇಳದೆ ನುಗ್ಗುತ್ತಿದೆ. ಇಲ್ಲವೇ ವಾಲ್ವ್ ಮಸಿ ಹಿಡಿದು ಆಜ್ಞೆ ಕೇಳುತ್ತಿಲ್ಲ. ವಾಲ್ವನ್ನು ಇಸಿಯುವೇ ಅಗಲವಾಗಿ ತೆರೆದಿದ್ದರೆ ಅದಕ್ಕೆ ಯಾರೋ ತಪ್ಪು ಸುದ್ದಿ ಕೊಡುತ್ತಿರಬಹುದು.

ಕೇಳದೆ ನುಗ್ಗುವ ಗಾಳಿಯನ್ನು ಹಿಡಿಯುವುದರಲ್ಲೇ ಮೆಕ್ಯಾನಿಕ್‌ನ ನಿಜವಾದ ಪಳಗುವಿಕೆ ಕಾಣುವುದು. ಥ್ರಾಟಲಿನಿಂದ ಸಿಲಿಂಡರಿನವರೆಗಿನ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಐಡ್ಲಿಂಗ್ ವೇಳೆ ನಿರ್ವಾತದ ಸೆಳೆತ ಇರುತ್ತದೆ. ಎಲ್ಲಿ ಸಂದು ಸಿಕ್ಕರೂ ಅದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಭಾರತದ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವು ಮ್ಯಾನಿಫೋಲ್ಡಿನ ಒತ್ತಡ ಅಳೆದು ಪೆಟ್ರೋಲ್ ಲೆಕ್ಕ ಹಾಕುತ್ತವೆ. ಇವುಗಳಲ್ಲಿ ಕದ್ದು ನುಗ್ಗಿದ ಗಾಳಿಗೂ ಪೆಟ್ರೋಲ್ ಸಿಗುತ್ತದೆ, ಎಂಜಿನ್ ನುಣ್ಣಗೆ ರೇಸ್ ಆಗುತ್ತದೆ. ಬರುವ ಗಾಳಿಯನ್ನೇ ಬಾಗಿಲಲ್ಲಿ ಅಳೆಯುವ ಕಾರುಗಳಲ್ಲಾದರೆ ಆ ಗಾಳಿ ಲೆಕ್ಕಕ್ಕೆ ಬರುವುದೇ ಇಲ್ಲ. ಮಿಶ್ರಣ ತೆಳುವಾಗಿ ಎಂಜಿನ್ ನಡುಗುತ್ತದೆ.

ಹೋಸ್‌ಗಳನ್ನು ಒಂದೊಂದಾಗಿ ಮೆತ್ತಗೆ ಒತ್ತಿ ಹಿಡಿದು ನೋಡುವುದು ಹಳೆಯ, ಈಗಲೂ ಒಳ್ಳೆಯ ಉಪಾಯ. ಯಾವುದನ್ನು ಒತ್ತಿದಾಗ ಐಡ್ಲಿಂಗ್ ಧಡಕ್ಕನೆ ಇಳಿಯಿತೋ ಆ ದಾರಿಯಲ್ಲೇ ದೋಷ: ಎಂಜಿನ್ನಿನೊಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಬಿಡುವ ಪಿಸಿವಿ ವಾಲ್ವ್ ತೆರೆದೇ ಕಚ್ಚಿಕೊಂಡಿರಬಹುದು, ಪೆಟ್ರೋಲ್ ಆವಿಯನ್ನು ತರುವ ಪರ್ಜ್ ವಾಲ್ವ್ ಮುಚ್ಚದಿರಬಹುದು. ಬ್ರೇಕ್ ಒತ್ತಿದಾಗ ಬುಸ್ ಎಂಬ ಸದ್ದಿನೊಡನೆ ಐಡ್ಲಿಂಗ್ ಬದಲಾದರೆ ಬ್ರೇಕ್ ಬೂಸ್ಟರ್ ಸೋರುತ್ತಿದೆ. ಇದನ್ನು ಮುಂದೂಡುವಂತಿಲ್ಲ, ಬ್ರೇಕಿನ ಬಲವೇ ಅದರಲ್ಲಿದೆ. ಸಿಎನ್‌ಜಿ ಕಿಟ್ ಕೂರಿಸುವಾಗ ಮ್ಯಾನಿಫೋಲ್ಡಿಗೆ ಕೊರೆದ ತೂತುಗಳ ಸುತ್ತಲೂ ಸಂದೇಹದಿಂದ ನೋಡಬೇಕು. ಗ್ಯಾಸ್ಕೆಟ್ ಅಂಚಿಗೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಎಂಜಿನ್ ಸದ್ದು ಬದಲಾಗುವುದನ್ನು ಆಲಿಸುವವರೂ ಇದ್ದಾರೆ. ಆ ದ್ರವ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತೀತು. ಎಂಜಿನ್ ಆಫ್ ಮಾಡಿ ಮ್ಯಾನಿಫೋಲ್ಡಿಗೆ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿಸಿ, ಅದು ಎಲ್ಲಿ ಹೊರಬರುತ್ತದೆ ಎಂದು ನೋಡುವುದೇ ಕ್ಷೇಮ.

ಅಳತೆಗಳನ್ನು ಓದುವಾಗ ಊರಿನ ಎತ್ತರವನ್ನು ಮರೆಯಬಾರದು. ಮಂಗಳೂರಿನಲ್ಲಿ ಆರೋಗ್ಯವಂತ ಎಂಜಿನ್ ಮ್ಯಾನಿಫೋಲ್ಡಿನ ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜಿನಲ್ಲಿ 18ರಿಂದ 20 ಇಂಚು ತೋರಿಸುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ವಾತಾವರಣದ ಒತ್ತಡವೇ ಕಡಿಮೆ, ಹಾಗಾಗಿ ಅದೇ ಎಂಜಿನ್ ಸುಮಾರು ಮೂರು ಇಂಚು ಕಡಿಮೆ ತೋರಿಸುತ್ತದೆ. ಕೈಪಿಡಿಯ ಅಂಕಿಯನ್ನೇ ನಂಬಿದವರು ಇಲ್ಲದ ಸೋರಿಕೆ ಹುಡುಕುತ್ತ ಎಂಜಿನ್ ಬಿಚ್ಚಿಬಿಡುತ್ತಾರೆ.

ಇಸಿಯುವೇ ಗಾಳಿ ಕೇಳುತ್ತಿದ್ದರೆ ಮೊದಲ ಸಂದೇಹ ಕೂಲೆಂಟ್ ತಾಪದ ಮೇಲೆ. ಎಂಜಿನ್ ತಣ್ಣಗಿದೆ ಎಂದು ನಂಬಿರುವವರೆಗೂ ಇಸಿಯು ಐಡ್ಲಿಂಗ್ ಇಳಿಸುವುದಿಲ್ಲ. ತಾಪದ ಸೆನ್ಸರ್ ಬಿಸಿಯಾದಂತೆ ಅದರ ರೋಧ ಇಳಿಯಬೇಕು: ಹಲವು ಕಾರುಗಳಲ್ಲಿ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್ ಇರುವುದು 80 ಡಿಗ್ರಿ ದಾಟಿದಾಗ ಮುನ್ನೂರರ ಆಸುಪಾಸಿಗೆ ಬರುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೂಲೆಂಟ್ ತಾಪ, ಒಳಬರುವ ಗಾಳಿಯ ತಾಪ ಎರಡೂ ಸ್ಕ್ಯಾನರಿನಲ್ಲಿ ಸರಿಸುಮಾರು ಒಂದೇ ಇರಬೇಕು. ಕೂಲೆಂಟ್ ಕಡಿಮೆಯಾಗಿ ಸೆನ್ಸರಿನ ತುದಿ ಗಾಳಿಗುಳ್ಳೆಯಲ್ಲಿ ಸಿಕ್ಕಿಕೊಂಡಿದ್ದರೂ ತಪ್ಪು ಅಂಕಿ ಬರುತ್ತದೆ.

ಸೆನ್ಸರ್ ಸತ್ಯವನ್ನೇ ಹೇಳುತ್ತಿದ್ದು, ಎಂಜಿನ್ ನಿಜಕ್ಕೂ ಬಿಸಿಯಾಗದೆ ಇರುವುದೂ ಉಂಟು. ನಮ್ಮದು ಸೆಕೆಯ ದೇಶ, ಥರ್ಮೋಸ್ಟಾಟ್ ಬೇಡ ಎಂದು ಅದನ್ನು ಕಿತ್ತೆಸೆಯುವ ಕೆಟ್ಟ ರೂಢಿ ಅನೇಕ ಗ್ಯಾರೇಜುಗಳಲ್ಲಿತ್ತು, ಕೆಲವೆಡೆ ಈಗಲೂ ಇದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯಬೇಕಾದ ಆ ಬಾಗಿಲೇ ಇಲ್ಲವಾದರೆ ನೀರು ಸದಾ ರೇಡಿಯೇಟರ್ ಸುತ್ತುತ್ತದೆ. ಚಿಕ್ಕಮಗಳೂರಿನ ಚಳಿಯ ಮುಂಜಾವಿನಲ್ಲಿ ಅಂಥ ಕಾರು ಎಷ್ಟು ದೂರ ಓಡಿದರೂ ಬೆಚ್ಚಗಾಗುವುದಿಲ್ಲ. ಐಡ್ಲಿಂಗ್ ಇಳಿಯುವುದಿಲ್ಲ, ಮೈಲೇಜ್ ಸಿಗುವುದಿಲ್ಲ. ಹೊಸ ಥರ್ಮೋಸ್ಟಾಟ್ ಒಂದೇ ಇದಕ್ಕೆ ಮದ್ದು.

ಮುಳ್ಳು ಒಂದೆಡೆ ನಿಲ್ಲದೆ ಏರಿಳಿಯುತ್ತಿದ್ದರೂ ಹೆಚ್ಚಾಗಿ ಕಾರಣ ಕೇಳದೆ ನುಗ್ಗುವ ಗಾಳಿಯೇ. ಕಾಲು ತೆಗೆದಿದ್ದರೂ ಸುತ್ತು ಮಿತಿ ಮೀರಿದಾಗ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಇಳಿದಾಗ ಮತ್ತೆ ಕೊಡುತ್ತದೆ. ಒಳಗಿನ ಹೆಚ್ಚುವರಿ ಗಾಳಿ ಅದನ್ನು ಪುನಃ ಮೇಲಕ್ಕೆತ್ತುತ್ತದೆ.

ರಿಪೇರಿ ಮುಗಿದ ಮೇಲೂ ಐಡ್ಲಿಂಗ್ ಕೆಲಕಾಲ ಹೆಚ್ಚಿರಬಹುದು. ಮಸಿ ಕಟ್ಟಿದ ಥ್ರಾಟಲಿಗೆ ಒಗ್ಗಿಕೊಂಡಿದ್ದ ಇಸಿಯು ತಟ್ಟೆಯನ್ನು ಹಳೆಯ ಅಳತೆಗೇ ತೆರೆಯುತ್ತಿರುತ್ತದೆ, ಶುಚಿಯಾದ ತಟ್ಟೆಯಲ್ಲಿ ಅದೇ ಅಳತೆಗೆ ಹೆಚ್ಚು ಗಾಳಿ ಹಾಯುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದಾಗಲೂ ಕಲಿತದ್ದೆಲ್ಲ ಅಳಿಸಿಹೋಗಬಹುದು. ಕೆಲವು ಕಾರುಗಳು ಕೆಲ ಕಿಲೋಮೀಟರ್ ಓಡಾಟದಲ್ಲಿ ತಾವೇ ಕಲಿಯುತ್ತವೆ; ಕೆಲವಕ್ಕೆ ಎ.ಸಿ., ದೀಪ, ಫ್ಯಾನ್ ಎಲ್ಲ ಆರಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಕ್ಯಾನರಿನಿಂದ ಹೊಸದಾಗಿ ಕಲಿಸಬೇಕು. ಇದಾದ ಬಳಿಕ ಮುಳ್ಳು ನಿಗದಿತ ಅಂಕಿಗೆ ಇಳಿದು, ಎ.ಸಿ. ಹಾಕಿದಾಗ ತುಸು ಏರಿ, ತೆಗೆದಾಗ ಮತ್ತೆ ಅಲ್ಲಿಗೇ ಬಂದರೆ ಕಾರನ್ನು ಒಡೆಯನ ಕೈಗೆ ಒಪ್ಪಿಸಬಹುದು.